ಸ್ಥಿರಾಸ್ತಿಯ ನಿವ್ವಳ ಮೌಲ್ಯ 440 ಕೋಟಿಯಿಂದ 412 ಕೋಟಿಗೆ ಇಳಿದಿದೆ: ಕಂಪನಿ ಕುಗ್ಗುತ್ತಿದೆಯೇ?

ಪ್ರಶ್ನೆ: ಹೊಸ ಷೇರುದಾರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ನಡೆಸುವವನು. ದಿನದ ಜಮಾ-ಖರ್ಚು, ಜಿಎಸ್‌ಟಿ ರಿಟರ್ನ್ ಇವುಗಳ ಮಟ್ಟಿಗೆ ಲೆಕ್ಕ ತಿಳಿದಿದೆ; ಕಂಪನಿಗಳ ಲೆಕ್ಕಪತ್ರ ಓದುವುದು ಹೊಸತು. ನೂಲಿನ ಗಿರಣಿಗಳನ್ನು ನಡೆಸುವ, ಷೇರುಪೇಟೆಯಲ್ಲಿರುವ ಒಂದು ಕಂಪನಿಯ ಷೇರು ಕೊಳ್ಳುವ ಯೋಚನೆಯಿಂದ ಅದರ ವಾರ್ಷಿಕ ವರದಿಯನ್ನು ಓದುತ್ತಿದ್ದೇನೆ. ಕಂಪನಿಯ ಹೆಸರು ಈ ಪ್ರಶ್ನೆಗೆ ಮುಖ್ಯವಲ್ಲವಾದ್ದರಿಂದ ಬರೆಯುತ್ತಿಲ್ಲ. ಅಂಕಿಗಳನ್ನೆಲ್ಲ ಹತ್ತಿರದ ಕೋಟಿ ರೂಪಾಯಿಗೆ ಸರಿಪಡಿಸಿಕೊಂಡಿದ್ದೇನೆ.

ಬ್ಯಾಲೆನ್ಸ್ ಶೀಟಿನ ಮೊದಲ ಸಾಲಿನಲ್ಲಿಯೇ ‘ಆಸ್ತಿ, ಸ್ಥಾವರ ಮತ್ತು ಉಪಕರಣಗಳು’ ಎಂಬ ಬಾಬ್ತಿನ ಎದುರು 412 ಕೋಟಿ ಎಂದಿದೆ. ಹಿಂದಿನ ವರ್ಷ ಅದು 440 ಕೋಟಿ ಇತ್ತು. ಅದರ ಟಿಪ್ಪಣಿಯಲ್ಲಿ ಒಟ್ಟು ಮೌಲ್ಯ 930 ಕೋಟಿ, ಸಂಚಿತ ಸವಕಳಿ 518 ಕೋಟಿ, ಕಳೆದು ಉಳಿದದ್ದು 412 ಕೋಟಿ ಎಂದು ವಿವರಿಸಿದ್ದಾರೆ. ಒಟ್ಟು ಮೌಲ್ಯದಲ್ಲಿ 70 ಕೋಟಿ ಜಮೀನಿನದು. ಇದೇ ಅವಧಿಯಲ್ಲಿ ಮಾರಾಟ 990 ಕೋಟಿಯಿಂದ 1,030 ಕೋಟಿಗೆ ಏರಿದೆ.

ನನಗೆ ಬಗೆಹರಿಯದಿರುವುದು ಇಷ್ಟು. ಈ 412 ಕೋಟಿಯನ್ನು, ನಾಳೆ ಗಿರಣಿಯನ್ನು ಮಾರಿದರೆ ಬರುವ ಹಣ ಎಂದು ತಿಳಿಯಬಹುದೇ? ಮಾರಾಟ ಏರುತ್ತಿರುವಾಗ ಈ ಮೌಲ್ಯ ಇಳಿದಿರುವುದು ಕಂಪನಿ ಕುಗ್ಗುತ್ತಿರುವುದರ ಸೂಚನೆಯೇ? ಮತ್ತು ಸವಕಳಿ ಎಂದು ವರ್ಷವರ್ಷವೂ ತೆಗೆದ 518 ಕೋಟಿ ಹಣ ಈಗ ಎಲ್ಲಿದೆ? ಬ್ಯಾಂಕಿನ ಶಿಲ್ಕಿನಲ್ಲಿ ಅಷ್ಟು ಹಣ ಕಾಣುತ್ತಿಲ್ಲ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ: ಲೆಕ್ಕಪರಿಶೋಧಕಿ, ಪಿ.ಜೆ. ಬಡಾವಣೆ, ದಾವಣಗೆರೆ

ಮಾನ್ಯರೇ, ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಬಗೆಹರಿದರೆ ಮೊದಲಿನೆರಡು ಅರ್ಧದಷ್ಟು ಬಗೆಹರಿಯುತ್ತವೆ.

518 ಕೋಟಿ ಎಲ್ಲಿಯೂ ಕೂಡಿಟ್ಟ ಹಣವಲ್ಲ. ನೀವು ಅಂಗಡಿಗೆ ಐದು ವರ್ಷದ ಬಾಡಿಗೆಯನ್ನು ಒಮ್ಮೆಗೇ ಮುಂಗಡವಾಗಿ ಕಟ್ಟಿದಿರಿ ಎಂದಿಟ್ಟುಕೊಳ್ಳಿ. ಹಣ ಮೊದಲ ದಿನವೇ ಕೈಬಿಟ್ಟಿತು. ಆದರೆ ಲಾಭ-ನಷ್ಟದ ಲೆಕ್ಕದಲ್ಲಿ ವರ್ಷಕ್ಕೆ ಐದರಲ್ಲಿ ಒಂದು ಪಾಲನ್ನಷ್ಟೇ ಖರ್ಚು ಬರೆಯುತ್ತೀರಿ, ಉಳಿದದ್ದು ಇನ್ನೂ ಅನುಭವಿಸದ ಬಾಡಿಗೆಯಾಗಿ ಆಸ್ತಿಯ ಬದಿಯಲ್ಲಿ ನಿಲ್ಲುತ್ತದೆ. ಯಂತ್ರದ ಲೆಕ್ಕವೂ ಹೀಗೆಯೇ ಸಾಗುತ್ತದೆ. ಕಂಪನಿಯು ಹಲವು ವರ್ಷಗಳಲ್ಲಿ 930 ಕೋಟಿ ತೆತ್ತು ಜಮೀನು, ಕಟ್ಟಡ, ಯಂತ್ರಗಳನ್ನು ಪಡೆದಿದೆ. ಅದರಲ್ಲಿ 518 ಕೋಟಿಯನ್ನು ಈವರೆಗಿನ ವರ್ಷಗಳ ಲಾಭದ ಮೇಲೆ ಖರ್ಚಾಗಿ ಹೊರಿಸಿದೆ. ಮುಂದಿನ ವರ್ಷಗಳ ಮೇಲೆ ಹೊರಿಸಲು ಅಥವಾ ಕೊನೆಗೆ ಮಾರಿ ಪಡೆಯಲು ಉಳಿದಿರುವುದು 412 ಕೋಟಿ. ಸವಕಳಿಯನ್ನು ಬರೆಯುವಾಗ ಯಾರ ಕೈಯಿಂದಲೂ ಹಣ ಹೋಗುವುದಿಲ್ಲವಾದ್ದರಿಂದಲೇ ನಗದು ಹರಿವಿನ ಪಟ್ಟಿಯಲ್ಲಿ ಅದನ್ನು ಲಾಭಕ್ಕೆ ಮರಳಿ ಕೂಡಿಸುತ್ತಾರೆ. ಹಾಗೆ ವ್ಯಾಪಾರದಲ್ಲಿ ಉಳಿದ ನಗದು ಸಾಲ ತೀರಿಸಲು, ಲಾಭಾಂಶ ಕೊಡಲು, ಹೊಸ ಯಂತ್ರ ಕೊಳ್ಳಲು ಆಯಾ ವರ್ಷವೇ ಹೋಗಿರುತ್ತದೆ.

ಇನ್ನು 412 ಕೋಟಿ ಮಾರಾಟದ ಬೆಲೆಯೇ ಎಂಬುದು. ಅಲ್ಲ, ಮತ್ತು ಅದು ಹಾಗಿರಬೇಕೆಂದು ಲೆಕ್ಕದ ನಿಯಮಗಳೂ ಕೇಳುವುದಿಲ್ಲ. ಇಂಡ್ ಎಎಸ್ (ಭಾರತೀಯ ಲೆಕ್ಕ ಮಾನದಂಡ) 16ರ ಪ್ರಕಾರ ಕಂಪನಿಯು ಆಸ್ತಿಯನ್ನು ತಾನು ತೆತ್ತ ವೆಚ್ಚದಲ್ಲಿ ದಾಖಲಿಸಿ, ಅದರ ಉಪಯುಕ್ತ ಆಯುಷ್ಯಕ್ಕೆ ಹಂಚುತ್ತ ಹೋಗಬಹುದು. ಅಥವಾ ನಿಯತವಾಗಿ ಮರುಮೌಲ್ಯಮಾಪನ ಮಾಡಿಸುವ ಮಾರ್ಗವನ್ನು ಆರಿಸಿಕೊಳ್ಳಬಹುದು. ಎರಡನೆಯ ಮಾರ್ಗ ಹಿಡಿದರೆ ಆ ವರ್ಗದ ಎಲ್ಲ ಆಸ್ತಿಗಳಿಗೂ ಅದನ್ನೇ ಅನ್ವಯಿಸಬೇಕು, ಬೆಲೆಯೇರಿದ ಒಂದು ನಿವೇಶನವನ್ನು ಮಾತ್ರ ಆಯ್ದು ತೋರಿಸುವಂತಿಲ್ಲ. ನಮ್ಮಲ್ಲಿ ಬಹುಪಾಲು ಕಂಪನಿಗಳು ವೆಚ್ಚದ ಮಾರ್ಗದಲ್ಲಿಯೇ ಇವೆ. ನಿಮ್ಮ ಕಂಪನಿ ಯಾವುದರಲ್ಲಿದೆ ಎಂಬುದು ‘ಪ್ರಮುಖ ಲೆಕ್ಕನೀತಿಗಳು’ ಎಂಬ ಭಾಗದಲ್ಲಿರುತ್ತದೆ. ಅದನ್ನು ಓದದೆ ಅಂಕಿಯನ್ನು ಓದಬೇಡಿ.

ಆ ‘ವೆಚ್ಚ’ದೊಳಗೆ ಏನೇನು ಸೇರುತ್ತದೆ ಎಂಬುದಕ್ಕೂ ಕಟ್ಟಳೆಯಿದೆ. ಖರೀದಿ ಬೆಲೆ, ಸಾಗಣೆ, ಅಡಿಪಾಯ, ಜೋಡಣೆ, ಪರೀಕ್ಷಾರ್ಥ ಓಡಿಸುವ ಖರ್ಚು ಸೇರುತ್ತವೆ. ಕಾರ್ಮಿಕರ ತರಬೇತಿ, ಜಾಹೀರಾತು, ಹೊಸ ಘಟಕದ ಉದ್ಘಾಟನೆ ಸೇರುವುದಿಲ್ಲ. (ಉದ್ಘಾಟನೆಯ ಪೆಂಡಾಲಿನ ಬಿಲ್ಲನ್ನೂ ಯಂತ್ರದ ವೆಚ್ಚಕ್ಕೆ ಸೇರಿಸಬಹುದಲ್ಲವೇ ಎಂದು ನನ್ನನ್ನು ಕೇಳಿದವರುಂಟು.) ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆಯನ್ನು ಪಡೆದಿದ್ದರೆ ಆ ತೆರಿಗೆಯ ಮೊತ್ತವನ್ನು ವೆಚ್ಚದಲ್ಲಿ ಸೇರಿಸಿ ಸವಕಳಿ ಪಡೆಯುವಂತಿಲ್ಲ.

ದುರಸ್ತಿಯನ್ನು ಆಸ್ತಿಯೆಂದು ಬರೆಯುವುದು ಈ ಬಾಬ್ತಿನಲ್ಲಿ ನಡೆಯುವ ಅತಿ ಹಳೆಯ ಕೈಚಳಕ. ನೂರು ರೂಪಾಯಿಯ ದುರಸ್ತಿಯನ್ನು ಖರ್ಚೆಂದು ಬರೆದರೆ ಈ ವರ್ಷದ ಲಾಭ ನೂರು ಇಳಿಯುತ್ತದೆ. ಆಸ್ತಿಯೆಂದು ಬರೆದು ಹತ್ತು ವರ್ಷಕ್ಕೆ ಹಂಚಿದರೆ ಹತ್ತು ಮಾತ್ರ ಇಳಿಯುತ್ತದೆ, ನಿವ್ವಳ ಸ್ಥಿರಾಸ್ತಿಯೂ ದಪ್ಪಗೆ ಕಾಣುತ್ತದೆ. ಅಮೆರಿಕದ ವರ್ಲ್ಡ್‌ಕಾಮ್ ದೂರಸಂಪರ್ಕ ಕಂಪನಿಯು ಬೇರೆ ಕಂಪನಿಗಳ ಜಾಲ ಬಳಸಿದ್ದಕ್ಕೆ ತೆತ್ತ ದೈನಂದಿನ ಶುಲ್ಕವನ್ನೇ ಬಂಡವಾಳ ವೆಚ್ಚವೆಂದು ಬರೆದಿದ್ದುದು 2002ರ ಜೂನಿನಲ್ಲಿ ಬಯಲಾಯಿತು. ಆಗ ಪ್ರಕಟವಾದ ಮೊತ್ತವೇ ಸುಮಾರು 380 ಕೋಟಿ ಡಾಲರ್. ಮರು ತಿಂಗಳು ಕಂಪನಿ ದಿವಾಳಿ ಅರ್ಜಿ ಹಾಕಿತು. ಆದ್ದರಿಂದ ನಿವ್ವಳ ಸ್ಥಿರಾಸ್ತಿ ಏರಿದರೆ ಅದು ತಾನಾಗಿಯೇ ಒಳ್ಳೆಯ ಸುದ್ದಿ ಎಂದೂ ತಿಳಿಯಬಾರದು.

ಸವಕಳಿಯ ಅವಧಿ ಎಲ್ಲಿಂದ ಬರುತ್ತದೆ ಎಂದು ಮುಂದೆ ನೀವು ಕೇಳಬಹುದು. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಪಟ್ಟಿಯಿದೆ: ಕಾರ್ಖಾನೆ ಕಟ್ಟಡಕ್ಕೆ 30 ವರ್ಷ, ಸಾಮಾನ್ಯ ಯಂತ್ರೋಪಕರಣಗಳಿಗೆ 15, ಪೀಠೋಪಕರಣಗಳಿಗೆ 10, ಕಂಪ್ಯೂಟರಿಗೆ 3. ಆಯುಷ್ಯ ಮುಗಿದ ಮೇಲೆ ಉಳಿಯುವ ಮೌಲ್ಯ ಸಾಮಾನ್ಯವಾಗಿ ಮೂಲ ವೆಚ್ಚದ ಶೇಕಡಾ 5ನ್ನು ಮೀರಬಾರದು. ನೂಲಿನ ಗಿರಣಿಗೆ ಮುಖ್ಯವಾದ ಒಂದು ಮಾತು ಅದೇ ಅನುಸೂಚಿಯಲ್ಲಿದೆ: ಯಂತ್ರವು ಎರಡು ಪಾಳಿಯಲ್ಲಿ ಓಡಿದ ಕಾಲಕ್ಕೆ ಸವಕಳಿ ಶೇಕಡಾ 50ರಷ್ಟು, ಮೂರು ಪಾಳಿಯಲ್ಲಿ ಓಡಿದ ಕಾಲಕ್ಕೆ ಶೇಕಡಾ 100ರಷ್ಟು ಹೆಚ್ಚುತ್ತದೆ. ತಾಂತ್ರಿಕ ಆಧಾರವಿದ್ದರೆ ಕಂಪನಿ ಬೇರೆ ಆಯುಷ್ಯವನ್ನು ಇಟ್ಟುಕೊಳ್ಳಬಹುದು, ಆದರೆ ಅದನ್ನು ಟಿಪ್ಪಣಿಯಲ್ಲಿ ಹೇಳಬೇಕು. ಆಯುಷ್ಯದ ಅಂದಾಜು ಬದಲಾದರೆ ಲಾಭವೂ ಬದಲಾಗುತ್ತದೆ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ 2023ರಲ್ಲಿ ತನ್ನ ಸರ್ವರ್‌ಗಳ ಆಯುಷ್ಯವನ್ನು 4 ವರ್ಷದಿಂದ 6 ವರ್ಷಕ್ಕೆ ಏರಿಸಿದಾಗ, ಆ ಅಂದಾಜಿನ ಬದಲಾವಣೆಯೊಂದರಿಂದಲೇ ಆ ವರ್ಷದ ಸವಕಳಿ ಇಳಿದು ಲಾಭ ಏರುವಂತಾಯಿತು.

ಕುಗ್ಗುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳಲು ನೀವು ಕೊಟ್ಟ ಅಂಕಿಗಳು ಸಾಲವು. ಟಿಪ್ಪಣಿಯಲ್ಲಿ ವರ್ಷದ ಸೇರ್ಪಡೆ, ವಿಲೇವಾರಿ ಮತ್ತು ವರ್ಷದ ಸವಕಳಿ ಎಂಬ ಮೂರು ಸಾಲುಗಳಿರುತ್ತವೆ. ಅವನ್ನೂ, ‘ಪ್ರಗತಿಯಲ್ಲಿರುವ ಬಂಡವಾಳ ಕಾಮಗಾರಿ’ ಎಂಬ ಪ್ರತ್ಯೇಕ ಬಾಬ್ತನ್ನೂ, ನಗದು ಹರಿವಿನ ಪಟ್ಟಿಯಲ್ಲಿ ಸ್ಥಿರಾಸ್ತಿ ಖರೀದಿಗೆ ಹೋದ ಹಣವನ್ನೂ ದಯವಿಟ್ಟು ಬರೆಯಿರಿ.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಚಿತ್ರದುರ್ಗ

ಮೇಡಂ ಅವರ ವಿವರಣೆ ಶಾಸ್ತ್ರೀಯವಾಗಿ ಸರಿಯಾಗಿದೆ. ಆದರೆ 412 ಕೋಟಿಗೂ ಮಾರಾಟದ ಬೆಲೆಗೂ ಸಂಬಂಧವೇ ಬೇಡ ಎಂದು ಷೇರುದಾರನೊಬ್ಬನು ಸುಮ್ಮನಾಗಬಾರದು ಎಂಬುದು ನನ್ನ ಅಭಿಪ್ರಾಯ. ಸಾಲ ಕೊಡುವ ಕಡೆಯಲ್ಲಿ ಕುಳಿತಿದ್ದವನಿಗೆ ಈ ಅಂಕಿ ಬೇರೆಯಾಗಿಯೇ ಕಾಣುತ್ತದೆ. ಅವಧಿ ಸಾಲದ ಅರ್ಜಿ ಬಂದರೆ ನಾವು ನೆಟ್ ಬ್ಲಾಕನ್ನು, ಅಂದರೆ ನಿವ್ವಳ ಸ್ಥಿರಾಸ್ತಿಯನ್ನು, ಸಾಲದ ಬಾಕಿಯಿಂದ ಭಾಗಿಸಿ, ಸ್ಥಿರಾಸ್ತಿ ಎಷ್ಟು ಪಟ್ಟು ರಕ್ಷಣೆ ಕೊಡುತ್ತದೆ ಎಂದು ನೋಡುತ್ತಿದ್ದೆವು. ಅಲ್ಲಿಗೇ ನಿಲ್ಲದೆ ಮೌಲ್ಯಮಾಪಕರ ವರದಿಯನ್ನೂ ತರಿಸುತ್ತಿದ್ದೆವು. ಅದರಲ್ಲಿ ಮಾರುಕಟ್ಟೆ ಬೆಲೆ, ಕೈಗೆ ಬರಬಹುದಾದ ಬೆಲೆ, ಅವಸರದಲ್ಲಿ ಮಾರಬೇಕಾದಾಗ ಬರುವ ಬೆಲೆ ಎಂದು ಮೂರು ಅಂಕಿಗಳಿರುತ್ತಿದ್ದವು. ಒಂದೇ ಗಿರಣಿಗೆ ಪುಸ್ತಕದ ಮೌಲ್ಯವೂ ಸೇರಿ ನಾಲ್ಕು ಅಂಕಿಗಳು ಮೇಜಿನ ಮೇಲಿರುತ್ತಿದ್ದವು, ನಾಲ್ಕೂ ಪರಸ್ಪರ ಕೂಡುತ್ತಿರಲಿಲ್ಲ.

ಈ ಅಂತರ ಎರಡೂ ದಿಕ್ಕಿನಲ್ಲಿ ಇರುತ್ತದೆ ಎಂಬುದನ್ನು ನಮ್ಮ ಭಾಗದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಹತ್ತಿ ಗಿರಣಿಗಳು ಮುಚ್ಚಿದ್ದನ್ನು ನಮ್ಮ ತಲೆಮಾರು ಕಂಡಿದೆ. ಗಿರಣಿಯೊಂದು ನಿಂತುಹೋದ ಮೇಲೆ ಪುಸ್ತಕದಲ್ಲಿ ಕೋಟಿಗಳಲ್ಲಿದ್ದ ಯಂತ್ರ ಟನ್ನಿನ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಹಲವು ದಶಕಗಳ ಹಿಂದಿನ ಬೆಲೆಯಲ್ಲಿ ಪುಸ್ತಕದ ಮೂಲೆಯಲ್ಲಿ ಕುಳಿತಿದ್ದ ಜಮೀನು, ಊರು ಬೆಳೆದು ತನ್ನನ್ನು ಸುತ್ತುವರಿದಿರುವುದರಿಂದ, ಉಳಿದೆಲ್ಲಕ್ಕಿಂತ ಹೆಚ್ಚು ಬಾಳುತ್ತದೆ. ಜಮೀನಿಗೆ ಸವಕಳಿಯಿಲ್ಲ, ಆದರೆ ವೆಚ್ಚದ ಮಾರ್ಗದಲ್ಲಿ ಏರಿಕೆಯೂ ಇಲ್ಲ. ಆದ್ದರಿಂದ ನಿಮ್ಮ ಕಂಪನಿಯ 70 ಕೋಟಿಯ ಜಮೀನು ಯಾವ ಊರಿನದು, ಯಾವಾಗ ಕೊಂಡದ್ದು, ಸ್ವಂತದ್ದೋ ಗುತ್ತಿಗೆಯದೋ ಎಂಬುದನ್ನು ನೋಡಿ. ಗುತ್ತಿಗೆಯ ಜಮೀನಾದರೆ 2019ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇಂಡ್ ಎಎಸ್ 116ರ ಪ್ರಕಾರ ಅದು ‘ಬಳಕೆಯ ಹಕ್ಕಿನ ಆಸ್ತಿ’ಯಾಗಿ ಲೆಕ್ಕಕ್ಕೆ ಬರುತ್ತದೆ, ಮತ್ತು ಗುತ್ತಿಗೆಯ ಅವಧಿಗೆ ಸವಕಳಿಯಾಗುತ್ತದೆ.

ಹಕ್ಕುಪತ್ರದ ಟಿಪ್ಪಣಿಯನ್ನು ತಪ್ಪದೆ ಓದಿ ಎಂದು ವಿಶೇಷವಾಗಿ ಹೇಳುತ್ತೇನೆ. 2021ರ ಮಾರ್ಚಿನಲ್ಲಿ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಗೆ ಆದ ತಿದ್ದುಪಡಿಯ ಪ್ರಕಾರ, ಯಾವುದಾದರೂ ಜಮೀನು ಅಥವಾ ಕಟ್ಟಡದ ಹಕ್ಕುಪತ್ರ ಕಂಪನಿಯ ಹೆಸರಿನಲ್ಲಿ ಇಲ್ಲದಿದ್ದರೆ ಅದು ಯಾರ ಹೆಸರಿನಲ್ಲಿದೆ, ಅವರು ಪ್ರವರ್ತಕರೋ ನಿರ್ದೇಶಕರೋ ಅವರ ಸಂಬಂಧಿಕರೋ, ಎಂದಿನಿಂದ ಹೀಗಿದೆ, ಏಕೆ ಹೀಗಿದೆ ಎಂದು ತಿಳಿಸಬೇಕು. ಲೆಕ್ಕಪರಿಶೋಧಕರ ವರದಿಯ ಅನುಬಂಧದಲ್ಲಿಯೂ ಮೊದಲ ಕಂಡಿಕೆಯೇ ಇದು: ಆಸ್ತಿಗಳ ದಾಖಲೆ ಸರಿಯಾಗಿದೆಯೇ, ಅವನ್ನು ಕಣ್ಣಾರೆ ಕಂಡು ತಾಳೆ ನೋಡಲಾಗಿದೆಯೇ, ಹಕ್ಕುಪತ್ರ ಯಾರ ಹೆಸರಿನಲ್ಲಿದೆ. ಪುಸ್ತಕದಲ್ಲಿ ಎಷ್ಟೇ ಕೋಟಿ ಬರೆದಿದ್ದರೂ ಹಕ್ಕು ತಕರಾರಿನಲ್ಲಿದ್ದರೆ ಬ್ಯಾಂಕಿನ ಮಟ್ಟಿಗೆ ಅದು ಶೂನ್ಯಕ್ಕೆ ಹತ್ತಿರ.

ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿದವರು ಇನ್ನೊಂದು ವಿಚಿತ್ರವನ್ನೂ ತಿಳಿದಿರಬೇಕು. ಗಾಳಿ ವಿದ್ಯುತ್ ಸ್ಥಾವರಕ್ಕೆ ಕಂಪನಿ ಕಾಯ್ದೆಯ ಅನುಸೂಚಿ ಕೊಟ್ಟಿರುವ ಆಯುಷ್ಯ 22 ವರ್ಷ. ಹತ್ತು ಕೋಟಿಯ ಗಾಳಿಯಂತ್ರವನ್ನು ಸಮಕಂತಿನ ವಿಧಾನದಲ್ಲಿ (ಪ್ರತಿವರ್ಷ ಒಂದೇ ಮೊತ್ತದಂತೆ), ಶೇಕಡಾ 5 ಉಳಿಕೆ ಬಿಟ್ಟು ಸವಕಳಿ ಮಾಡಿದರೆ ವರ್ಷಕ್ಕೆ ಸುಮಾರು 43 ಲಕ್ಷ ಹೋಗಿ, ಐದು ವರ್ಷದ ಕೊನೆಗೆ ಬ್ಯಾಲೆನ್ಸ್ ಶೀಟಿನಲ್ಲಿ 7.84 ಕೋಟಿ ನಿಲ್ಲುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಅದೇ ಯಂತ್ರಕ್ಕೆ ಇಳಿಕೆ ಶಿಲ್ಕಿನ ಮೇಲೆ (ಹಿಂದಿನ ಸವಕಳಿ ಕಳೆದು ಉಳಿದ ಮೊತ್ತದ ಮೇಲೆ) ಶೇಕಡಾ 40ರ ದರವಿರುವುದರಿಂದ ಐದು ವರ್ಷದ ಕೊನೆಗೆ ಸುಮಾರು 78 ಲಕ್ಷ ಮಾತ್ರ ಉಳಿಯುತ್ತದೆ. ಅದೇ ಕಂಬ, ಅದೇ ರೆಕ್ಕೆ, ಅದೇ ಗಾಳಿ. ಎರಡರ ನಡುವಿನ ಏಳು ಕೋಟಿಯ ಅಂತರದ ಮೇಲೆ ಮುಂದೆ ಕಟ್ಟಬೇಕಾಗುವ ತೆರಿಗೆ, ಶೇಕಡಾ 25.17ರ ದರದಲ್ಲಿ ಸುಮಾರು 1.78 ಕೋಟಿ, ‘ಮುಂದೂಡಿದ ತೆರಿಗೆ ಹೊಣೆ’ಯಾಗಿ ಹೊಣೆಗಳ ಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ನಿವ್ವಳ ಸ್ಥಿರಾಸ್ತಿ ದೊಡ್ಡದಿರುವ ಕಂಪನಿಯಲ್ಲಿ ಈ ಹೊಣೆಯೂ ದೊಡ್ಡದಿದ್ದರೆ ಗಾಬರಿಯಾಗಬೇಕಾಗಿಲ್ಲ, ಆದರೆ ಒಂದನ್ನು ಓದಿ ಇನ್ನೊಂದನ್ನು ಬಿಡಬೇಡಿ.

ಮರುಪ್ರಶ್ನೆ: ಹೊಸ ಷೇರುದಾರ, ದಾವಣಗೆರೆ

ಇಬ್ಬರಿಗೂ ಕೃತಜ್ಞತೆಗಳು. ಹಕ್ಕುಪತ್ರಗಳೆಲ್ಲ ಕಂಪನಿಯ ಹೆಸರಿನಲ್ಲಿಯೇ ಇವೆ ಎಂದು ಬರೆದಿದ್ದಾರೆ. ಕಂಪನಿ ವೆಚ್ಚದ ಮಾರ್ಗವನ್ನೇ ಅನುಸರಿಸಿದೆ.

ಮೇಡಂ ಕೇಳಿದ ಅಂಕಿಗಳು ಇವು. ವರ್ಷದ ಆರಂಭದ ಒಟ್ಟು ಮೌಲ್ಯ 900 ಕೋಟಿ, ಸೇರ್ಪಡೆ 60, ವಿಲೇವಾರಿ 30. ಸವಕಳಿ ಆರಂಭದಲ್ಲಿ 460, ವರ್ಷದ ಸವಕಳಿ 82, ವಿಲೇವಾರಿಯಾದ ಯಂತ್ರಗಳ ಮೇಲಿನದು 24. ಪ್ರಗತಿಯಲ್ಲಿರುವ ಕಾಮಗಾರಿ ಹಿಂದಿನ ವರ್ಷ 20 ಕೋಟಿ ಇದ್ದದ್ದು ಈಗ 130 ಕೋಟಿಯಾಗಿದೆ. ನಗದು ಹರಿವಿನಲ್ಲಿ ಸ್ಥಿರಾಸ್ತಿ ಖರೀದಿಗೆ ಹೋದ ಹಣ 168 ಕೋಟಿ, ಮಾರಾಟದಿಂದ ಬಂದದ್ದು 9 ಕೋಟಿ. ಬೇರೊಂದು ಅನುಮಾನ: ಮಾರಾಟವನ್ನು 412ರಿಂದ ಭಾಗಿಸಿದರೆ 2.5 ಬರುತ್ತದೆ, ಹಿಂದಿನ ವರ್ಷ 2.25 ಇತ್ತು. ಅಂದರೆ ಯಂತ್ರಗಳನ್ನು ಮೊದಲಿಗಿಂತ ಚೆನ್ನಾಗಿ ದುಡಿಸುತ್ತಿದ್ದಾರೆ ಎಂದು ಅರ್ಥ ಮಾಡಿಕೊಳ್ಳಬಹುದೇ?

ಉತ್ತರ: ಲೆಕ್ಕಪರಿಶೋಧಕಿ, ಪಿ.ಜೆ. ಬಡಾವಣೆ, ದಾವಣಗೆರೆ

ಈಗ ಚಿತ್ರ ಬೇರೆಯೇ ಆಯಿತು. ನಿವ್ವಳ ಸ್ಥಿರಾಸ್ತಿ 28 ಕೋಟಿ ಇಳಿದದ್ದು ಹೇಗೆ ಎಂದರೆ, 60 ಕೋಟಿ ಸೇರಿತು, 82 ಕೋಟಿ ಸವಕಳಿಯಾಗಿ ಹೋಯಿತು, ವಿಲೇವಾರಿಯಾದ 30 ಕೋಟಿಯ ಯಂತ್ರಗಳಲ್ಲಿ ಇನ್ನೂ ಉಳಿದಿದ್ದ 6 ಕೋಟಿಯೂ ಹೋಯಿತು. ಆ 6 ಕೋಟಿಯ ಆಸ್ತಿಗೆ 9 ಕೋಟಿ ಬಂದಿರುವುದರಿಂದ 3 ಕೋಟಿ ಲಾಭವು ‘ಇತರ ಆದಾಯ’ದಲ್ಲಿ ಇರಬೇಕು, ಹುಡುಕಿ ನೋಡಿ. ಅದು ಪ್ರತಿವರ್ಷ ಬರುವ ಆದಾಯವಲ್ಲ. ಅಂದಹಾಗೆ ಪುಸ್ತಕದಲ್ಲಿ 6 ಕೋಟಿಯದಾಗಿದ್ದ ಹಳೆಯ ಯಂತ್ರಗಳು 9 ಕೋಟಿಗೆ ಹೋಗಿರುವುದು, ಕಂಪನಿ ಸವಕಳಿಯನ್ನು ಜುಗ್ಗತನದಿಂದ ಬರೆಯುತ್ತಿಲ್ಲ ಎಂಬುದಕ್ಕೆ ಸಣ್ಣ ಸಾಕ್ಷಿ.

ಆದರೆ 168 ಕೋಟಿ ನಗದು ಹೊರಗೆ ಹೋಗಿರುವಾಗ ಸೇರ್ಪಡೆಯಾದದ್ದು 60 ಕೋಟಿ ಮಾತ್ರ. ಉಳಿದದ್ದು ಪ್ರಗತಿಯಲ್ಲಿರುವ ಕಾಮಗಾರಿಯಲ್ಲಿದೆ. ನಿರ್ಮಾಣ ಹಂತದ ಘಟಕವು ಬಳಕೆಗೆ ಸಿದ್ಧವಾಗುವವರೆಗೆ ‘ಆಸ್ತಿ, ಸ್ಥಾವರ ಮತ್ತು ಉಪಕರಣ’ದ ಸಾಲಿಗೆ ಬರುವುದಿಲ್ಲ, ಅದಕ್ಕೆ ಸವಕಳಿಯೂ ಇಲ್ಲ. ಎರಡೂ ಬಾಬ್ತುಗಳನ್ನು ಕೂಡಿಸಿದರೆ ಹಿಂದಿನ ವರ್ಷ 460 ಕೋಟಿ, ಈ ವರ್ಷ 542 ಕೋಟಿ. ಕುಗ್ಗುತ್ತಿರುವ ಕಂಪನಿ ವರ್ಷದ ಸವಕಳಿಯ ಎರಡರಷ್ಟು ಹಣವನ್ನು ಹೊಸ ಆಸ್ತಿಗೆ ಸುರಿಯುವುದಿಲ್ಲ.

ಹಾಗೆಂದು ಆ 130 ಕೋಟಿಯನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಎಷ್ಟೋ ಕಂಪನಿಗಳಲ್ಲಿ ಎಂದೂ ಮುಗಿಯದ ಯೋಜನೆಗಳು ಈ ಬಾಬ್ತಿನಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ. ಅದಕ್ಕಾಗಿಯೇ ಸರ್ ಹೇಳಿದ 2021ರ ತಿದ್ದುಪಡಿಯು ಕಾಮಗಾರಿಯ ವಯಸ್ಸಿನ ಪಟ್ಟಿಯನ್ನೂ ಕಡ್ಡಾಯಗೊಳಿಸಿತು: ಒಂದು ವರ್ಷದೊಳಗಿನದು, ಒಂದರಿಂದ ಎರಡು, ಎರಡರಿಂದ ಮೂರು, ಮೂರು ವರ್ಷ ಮೀರಿದ್ದು. ತಾತ್ಕಾಲಿಕವಾಗಿ ನಿಲ್ಲಿಸಿದ ಯೋಜನೆಗಳನ್ನು ಬೇರೆಯಾಗಿ ತೋರಿಸಬೇಕು. ಗಡುವು ಮೀರಿದ ಅಥವಾ ಅಂದಾಜು ವೆಚ್ಚ ಮೀರಿದ ಯೋಜನೆಗಳು ಯಾವಾಗ ಮುಗಿಯುತ್ತವೆ ಎಂದೂ ಹೇಳಬೇಕು. ಮೂರು ವರ್ಷ ಮೀರಿದ ಕಾಲಂನಲ್ಲಿ ದೊಡ್ಡ ಮೊತ್ತವಿದ್ದರೆ ಅನುಮಾನಿಸಿ.

ನಿಮ್ಮ 2.25 ಮತ್ತು 2.5ರ ಲೆಕ್ಕಕ್ಕೆ ಬರೋಣ. ಇದು ಬಹಳ ಜನರನ್ನು ದಾರಿ ತಪ್ಪಿಸುವ ಅನುಪಾತ. ಸವಕಳಿಯಿಂದ ಛೇದ ವರ್ಷವರ್ಷವೂ ಕರಗುವುದರಿಂದ, ಮಾರಾಟ ಇದ್ದಲ್ಲೇ ಇದ್ದರೂ ಅನುಪಾತ ಏರುತ್ತ ಹೋಗುತ್ತದೆ. ಹಳೆಯ ಗಿರಣಿಯೇ ಹೊಸ ಗಿರಣಿಗಿಂತ ದಕ್ಷವಾಗಿ ಕಾಣುತ್ತದೆ. ಅದೇ ಮಾರಾಟವನ್ನು ಒಟ್ಟು ಮೌಲ್ಯದಿಂದ ಭಾಗಿಸಿ: ಹಿಂದಿನ ವರ್ಷ 990ಕ್ಕೆ 900, ಅಂದರೆ 1.10, ಈ ವರ್ಷ 1,030ಕ್ಕೆ 930, ಅಂದರೆ 1.11. ದಕ್ಷತೆ ಇದ್ದಲ್ಲೇ ಇದೆ. ಮಾರಾಟದ ಏರಿಕೆಯಲ್ಲಿ ನೂಲಿನ ಬೆಲೆಯ ಪಾಲೆಷ್ಟು, ತೂಕದ ಪಾಲೆಷ್ಟು ಎಂಬುದು ಬೇರೆ ಪ್ರಶ್ನೆ.

ಯಂತ್ರಗಳ ವಯಸ್ಸನ್ನು ಅಂದಾಜಿಸಲು ಸಂಚಿತ ಸವಕಳಿಯನ್ನು ವರ್ಷದ ಸವಕಳಿಯಿಂದ ಭಾಗಿಸುವ ರೂಢಿಯಿದೆ: 518ಕ್ಕೆ 82, ಸುಮಾರು 6.3 ವರ್ಷ. ಜಮೀನನ್ನು ಬಿಟ್ಟು ಉಳಿದ 342 ಕೋಟಿಯನ್ನು 82ರಿಂದ ಭಾಗಿಸಿದರೆ ಮುಂದಿನ ಆಯುಷ್ಯ ಸುಮಾರು 4.2 ವರ್ಷ. ಎರಡೂ ಸೇರಿ ಹತ್ತೂವರೆ ವರ್ಷ. ಯಂತ್ರಕ್ಕೆ 15, ಕಟ್ಟಡಕ್ಕೆ 30 ವರ್ಷ ಇರುವಾಗ ಸರಾಸರಿ ಇಷ್ಟು ಕಡಿಮೆ ಏಕೆ? ಹೆಚ್ಚುವರಿ ಪಾಳಿಗಳ ಸವಕಳಿ ಒಂದು ಕಾರಣವಿರಬಹುದು. ಹೆಚ್ಚಿನವರು ಗಮನಿಸದ ಇನ್ನೊಂದು ಕಾರಣವೂ ಉಂಟು. ಕಂಪನಿಗಳು ಹಳೆಯ ಮಾನದಂಡಗಳಿಂದ ಇಂಡ್ ಎಎಸ್‌ಗೆ ಬದಲಾದಾಗ, ಆ ದಿನದ ನಿವ್ವಳ ಮೌಲ್ಯವನ್ನೇ ಹೊಸ ಪುಸ್ತಕದ ‘ಪರಿಗಣಿತ ವೆಚ್ಚ’ವೆಂದು ಆರಂಭಿಸಲು ಅವಕಾಶವಿತ್ತು, ಅನೇಕ ಕಂಪನಿಗಳು ಅದನ್ನು ಬಳಸಿಕೊಂಡವು. ನೂರು ರೂಪಾಯಿಗೆ ಕೊಂಡು ಅರವತ್ತು ಸವಕಳಿಯಾಗಿದ್ದ ಯಂತ್ರ ಹೊಸ ಪುಸ್ತಕದಲ್ಲಿ ನಲವತ್ತು ರೂಪಾಯಿಯ ಹೊಸ ಯಂತ್ರದಂತೆ ಕಾಣತೊಡಗಿತು. ಹಿಂದಿನ ಅರವತ್ತರ ಸವಕಳಿ ಕಣ್ಮರೆಯಾಯಿತು. ನಿಮ್ಮ ಕಂಪನಿಯ ಟಿಪ್ಪಣಿಯಲ್ಲಿ ಆ ಮಾತಿದ್ದರೆ 930 ಕೋಟಿ ನಿಜವಾದ ಮೂಲ ವೆಚ್ಚಕ್ಕಿಂತ ಕಡಿಮೆ, ಮತ್ತು ಯಂತ್ರಗಳ ನಿಜವಾದ ವಯಸ್ಸು 6.3ಕ್ಕಿಂತ ಹೆಚ್ಚು. ಮೇಲೆ ನಾನೇ ಮಾಡಿದ 1.10, 1.11ರ ಲೆಕ್ಕವನ್ನೂ ಬದಲಾವಣೆಗೆ ಮುಂಚಿನ ವರ್ಷಗಳ ಅನುಪಾತದೊಂದಿಗೆ ಹೋಲಿಸಲು ಬರುವುದಿಲ್ಲ.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಚಿತ್ರದುರ್ಗ

ಮೇಡಂ ಅವರ ಕೊನೆಯ ಮಾತನ್ನು ಒಪ್ಪುತ್ತೇನೆ. ಆ ‘ಪರಿಗಣಿತ ವೆಚ್ಚ’ದ ಕಾರಣದಿಂದ ಒಂದೇ ಉದ್ಯಮದ ಎರಡು ಕಂಪನಿಗಳ ಒಟ್ಟು ಮೌಲ್ಯವನ್ನು ಹೋಲಿಸುವುದೂ ಕಷ್ಟವೇ. ಅಂಥ ಕಡೆ ನಾನು ತಕಲಿಗಳ (ನೂಲುವ ಯಂತ್ರದ ಸ್ಪಿಂಡಲ್‌ಗಳ) ಸಂಖ್ಯೆಯನ್ನು ನೋಡುತ್ತೇನೆ. ನೂಲಿನ ಗಿರಣಿಗಳು ವಾರ್ಷಿಕ ವರದಿಯಲ್ಲಿ ಅದನ್ನು ಸಾಮಾನ್ಯವಾಗಿ ಕೊಡುತ್ತವೆ.

ಷೇರುದಾರರಿಗೆ ಒಂದು ಪ್ರಶ್ನೆ: ಕಾಮಗಾರಿಯ ವಯಸ್ಸಿನ ಪಟ್ಟಿ ಏನು ಹೇಳುತ್ತದೆ?

ಹೊಸ ಷೇರುದಾರ, ದಾವಣಗೆರೆ

ಸರ್, ಒಂದು ವರ್ಷದೊಳಗಿನದು 112 ಕೋಟಿ, ಒಂದರಿಂದ ಎರಡು ವರ್ಷದ್ದು 12, ಎರಡರಿಂದ ಮೂರರದ್ದು 2, ಮೂರು ವರ್ಷ ಮೀರಿದ್ದು 4 ಕೋಟಿ. ನಿಲ್ಲಿಸಿದ ಯೋಜನೆಗಳಿಲ್ಲ. ಹೊಸ ಘಟಕಕ್ಕೆ 90 ಕೋಟಿ ಅವಧಿ ಸಾಲ ಪಡೆದಿದ್ದಾರೆ, ಬಡ್ಡಿ ಶೇಕಡಾ 9. ಮೇಡಂ ಹೇಳಿದ ಪರಿಗಣಿತ ವೆಚ್ಚದ ಸಾಲು ಲೆಕ್ಕನೀತಿಯಲ್ಲಿ ಸಿಕ್ಕಿತು.

ಉತ್ತರ: ಲೆಕ್ಕಪರಿಶೋಧಕಿ, ಪಿ.ಜೆ. ಬಡಾವಣೆ, ದಾವಣಗೆರೆ

ಹಾಗಾದರೆ ಕಾಮಗಾರಿ ಹೊಸತು, ಆ 4 ಕೋಟಿಯ ಬಗ್ಗೆ ಮಾತ್ರ ವಾರ್ಷಿಕ ಸಭೆಯಲ್ಲಿ ಕೇಳಬಹುದು. ಷೇರು ಕೊಳ್ಳಬೇಕೇ ಬೇಡವೇ ಎಂಬುದನ್ನು ನಾನು ಹೇಳುವಂತಿಲ್ಲ, ಆದರೆ ಮುಂದೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಡಿ.

ಘಟಕ ನಿರ್ಮಾಣದಲ್ಲಿರುವಷ್ಟು ದಿನ ಅದರ ಸಾಲದ ಬಡ್ಡಿಯನ್ನು ಇಂಡ್ ಎಎಸ್ 23ರ ಪ್ರಕಾರ ಆಸ್ತಿಯ ವೆಚ್ಚಕ್ಕೇ ಸೇರಿಸುತ್ತಾರೆ, ಲಾಭ-ನಷ್ಟದಲ್ಲಿ ಅದು ಕಾಣುವುದಿಲ್ಲ. ಘಟಕ ಬಳಕೆಗೆ ಸಿದ್ಧವಾದ ದಿನದಿಂದ ಎರಡು ಖರ್ಚುಗಳು ಒಟ್ಟಿಗೆ ಬಂದು ಬೀಳುತ್ತವೆ: 90 ಕೋಟಿಯ ಮೇಲೆ ವರ್ಷಕ್ಕೆ 8.1 ಕೋಟಿ ಬಡ್ಡಿ, ಮತ್ತು 130 ಕೋಟಿಯೂ ಯಂತ್ರಗಳೇ ಎಂದುಕೊಂಡರೆ 15 ವರ್ಷದ ಆಯುಷ್ಯಕ್ಕೆ ವರ್ಷಕ್ಕೆ ಸುಮಾರು 8.2 ಕೋಟಿ ಸವಕಳಿ, ಮೂರು ಪಾಳಿ ಓಡಿಸಿದರೆ ಅದರ ಎರಡರಷ್ಟು. ಅಂದರೆ ಹೊಸ ಘಟಕದ ನೂಲು ಪೂರ್ತಿ ಮಾರುಕಟ್ಟೆಗೆ ಬರುವ ಮೊದಲೇ ಹದಿನಾರರಿಂದ ಇಪ್ಪತ್ತೈದು ಕೋಟಿಯಷ್ಟು ವಾರ್ಷಿಕ ಹೊರೆ. ಆಗ ನಿವ್ವಳ ಸ್ಥಿರಾಸ್ತಿ 412ರಿಂದ, ಅಷ್ಟರೊಳಗಿನ ಸವಕಳಿ ಕಳೆದು, ಒಮ್ಮೆಗೇ 500 ಕೋಟಿಯ ಆಸುಪಾಸಿಗೆ ಜಿಗಿಯುತ್ತದೆ, ಲಾಭ ಇಳಿಯುತ್ತದೆ, ನಿಮ್ಮ 2.5ರ ಅನುಪಾತವೂ ಕೆಳಗೆ ಬರುತ್ತದೆ. ತ್ರೈಮಾಸಿಕ ಫಲಿತಾಂಶದ ಸವಕಳಿ ಮತ್ತು ಬಡ್ಡಿಯ ಸಾಲುಗಳು ಥಟ್ಟನೆ ಏರಿದ್ದು ಕಂಡರೆ, ಸೆಪ್ಟೆಂಬರ್ ಅಂತ್ಯದ ಅರ್ಧವಾರ್ಷಿಕ ಆಸ್ತಿ-ಹೊಣೆಗಳ ವಿವರದಲ್ಲಿ ಪ್ರಗತಿಯಲ್ಲಿರುವ ಕಾಮಗಾರಿ ಅಷ್ಟೇ ಇಳಿದಿದೆಯೇ ಎಂದು ನೋಡಿ. ಇಳಿದಿದ್ದರೆ ಘಟಕ ಆರಂಭವಾಗಿದೆ. ಇಳಿಯದೆ ಬಡ್ಡಿ ಮಾತ್ರ ಏರಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ.